ಹತ್ತೊಂಬತ್ತು ನುಡಿಯ ಜೋಗುಳ

ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತೇನೆ. ಈ ಸುದ್ದಿ ಈಗಾಗಲೇ ನಮ್ಮ ಮನೆತನದಲ್ಲಿ ಮೂರು ನಾಲ್ಕು ರೀತಿಯಾಗಿ ಹಬ್ಬಿದೆ. ತೀರಿಹೋದ ಅತ್ತೆಯ ಹಾಡನ್ನು ನಾನು ಯಾವುದೋ ಕಂಪನಿಗೆ ಮಾರಿಕೊಂಡೆ ಎಂಬುದೂ ಅದರಲ್ಲೊಂದು. ಮಾರಿಲ್ಲ. ತಿಂಗಳು ತಿಂಗಳು ಅವರಿಗೆ ನಾನೇ ದುಡ್ಡು ಕಟ್ಟಿ ಕಳೆದುಕೊಂಡಿದ್ದೇನೆ.

ನಾನು ಬಾಗಲಕೋಟೆಯ ನವನಗರದ ದವಾಖಾನೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನವಿಡೀ ನನ್ನ ಕೆಲಸ ಚೀಟಿ ಅಂಟಿಸುವುದು. ಯಾರ ರಕ್ತ, ಯಾವ ಹೊತ್ತಿನದು, ಊಟಕ್ಕೆ ಮುಂಚಿನದೋ ನಂತರದ್ದೋ ಎಂದು ಬರೆಯದೆ ಒಂದು ನಳಿಕೆಯನ್ನೂ ಕೆಳಗಿಡುವುದಿಲ್ಲ. ಮನೆಯಲ್ಲೂ ಅದೇ ಚಟ. ಸಾಸಿವೆ ಡಬ್ಬಿಯ ಮೇಲೆ ಸಾಸಿವೆ ಎಂದು ಬರೆದಿದ್ದೇನೆ. ಆದ್ದರಿಂದ ಮನೆತನದ ಫೋಟೋ, ಕಾಗದಪತ್ರ, ಹಾಡು ಎಲ್ಲವನ್ನೂ ಕಾಯುವ ಕೆಲಸ ಯಾರೂ ಹೇಳದೆಯೇ ನನ್ನ ಪಾಲಿಗೆ ಬಂದಿತ್ತು.

ಆ ಹಾಡು ನನ್ನ ತಂದೆಯ ಅಕ್ಕನದು, ಬಾದಾಮಿಯ ಅತ್ತೆಯದು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ನನ್ನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅವಳು ಕಟ್ಟಿ ಹಾಡಿದ ಜೋಗುಳ ಅದು. ಒಂದೊಂದು ನುಡಿಗೆ ಒಂದೊಂದು ಊರಿನಿಂದ, ಒಬ್ಬೊಬ್ಬ ಬಂಧುವಿನಿಂದ ಕೂಸಿಗೆ ಏನೋ ಒಂದು ಬರುತ್ತದೆ. ಮೊದಲ ನುಡಿ ಹೀಗೆ:

ಇಳಕಲ್ಲ ಊರಾಗ ಎಳಿ ಎಳಿ ಕೂಡ್ಸ್ಯಾರ
ಸೆರಗೊಂದು ಬರತೈತಿ ಕೂಸೀಗ, ಜೋ ಜೋ.

ಎರಡನೆಯದರಲ್ಲಿ ಅಮೀನಗಡದಿಂದ ಕರದಂಟು ಬರುತ್ತದೆ, ಆದರೆ ಅದನ್ನು ಬಾಣಂತಿಯೇ ತಿಂದು ಮುಗಿಸುತ್ತಾಳೆ. ಹೀಗೆ ಸಾಗಿ ಏಳನೆಯ ನುಡಿಗೆ ಬಂದಾಗ ಅತ್ತೆಯ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಅವಳು ಹಾಡು ನಿಲ್ಲಿಸಲಿಲ್ಲ. ಅದೇ ರಾಗದಲ್ಲಿ, ಅದೇ ತಾಳದಲ್ಲಿ, "ಹಾಲು ಉಕ್ಕಾಕತ್ತಾವ ನೋಡ್ರೆ, ಕಣ್ಣೆಲ್ಲಿ ಇಟ್ಟೀರಿ, ಜೋ ಜೋ" ಎಂದಳು. ಹಾಲು ನಿಜವಾಗಿಯೂ ಉಕ್ಕುತ್ತಿತ್ತು. ನಾನು ಆಗ ಫೋನಿನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತಿದ್ದೆ. ಹಾಡು ಮುಗಿದ ಮೇಲೆ "ಎಷ್ಟು ನುಡಿ ಆದುವು ಅತ್ತಿ?" ಎಂದು ಕೇಳಿದೆ. "ಹತ್ತೊಂಬತ್ತು" ಎಂದಳು. ಅಂದೇ ಹೆಸರು ಹಾಕಿ ಇಟ್ಟೆ: ತೊಟ್ಟಿಲ ಜೋಗುಳ, ಬಾದಾಮಿ ಅತ್ತಿ, ೧೯ ನುಡಿ.

ಮರುವರ್ಷ ಅತ್ತೆ ತೀರಿಕೊಂಡಳು. ಅವಳ ಧ್ವನಿ ಅದೊಂದರಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅಲ್ಲಿಂದ ಮುಂದೆ ನಮ್ಮಲ್ಲಿ ಯಾವ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಆ ಹಾಡು ಹಚ್ಚಲೇಬೇಕೆಂದಾಯಿತು. ಐದು ಕೂಸುಗಳು ಅದನ್ನು ಕೇಳಿ ಮಲಗಿದವು. ಏಳನೆಯ ನುಡಿ ಬಂದಾಗ ಹೆಂಗಸರೆಲ್ಲ ದನಿಗೂಡಿಸಿ ಹಾಲಿನ ಮಾತು ಹಾಡುತ್ತಿದ್ದರು. ಒಂದು ಮನೆಯಲ್ಲಿ ಆ ಹೊತ್ತಿಗೆ ಸರಿಯಾಗಿ ಖರೆಖರೆ ಹಾಲು ಉಕ್ಕಿತು. ಒಬ್ಬಾಕೆ ಬಂದು ಹೇಳಿದಳು. ಹಾಡುತ್ತಿದ್ದಾಳೆ ಎಂದುಕೊಂಡು ಯಾರೂ ಏಳಲಿಲ್ಲ.

ಈಗ ನನ್ನ ತಮ್ಮನಿಗೆ ಹೆಣ್ಣು ಮಗು ಹುಟ್ಟಿತ್ತು. ಬಾಣಂತಿ ಇಳಕಲ್ಲಿನ ತವರಿನಲ್ಲಿದ್ದಳು. ಸೋಮವಾರ ತೊಟ್ಟಿಲು. ನಾನು ಸೋದರತ್ತೆ. ಹೆಸರಿಡುವುದು ನನ್ನ ಹಕ್ಕು, ಹಾಡು ತರುವುದು ನನ್ನ ಹೊಣೆ. ತಮ್ಮನ ಅತ್ತೆ, ಅಂದರೆ ಬಾಣಂತಿಯ ತಾಯಿ, ಎರಡು ಸಲ ಫೋನ್ ಮಾಡಿದ್ದರು.

"ನಿಮ್ಮ ಅತ್ತಿ ಹಾಡು ಹಚ್ಚೂದು ಮರೀಬ್ಯಾಡ್ರಿ ಮತ್ತ. ಓಣಿ ಮಂದಿಗೆಲ್ಲಾ ಹೇಳೇನಿ. ಹಾಲಿನ ಹಾಡು ಕೇಳಾಕ ಬರ್ತೇವಿ ಅಂತ ಕುಂತಾರ."

"ನನ್ನ ಹಂತ್ಯಾಕ ಐತ್ರಿ. ಎಲ್ಲಿ ಹೋಗ್ತೈತಿ?" ಎಂದೆ. ಈ ಮಾತನ್ನು ನಾನು ಹೇಳಿದ್ದು ಬುಧವಾರ.

ಹಾಡು ಎಲ್ಲಿ ಹೋಗಿತ್ತು ಎಂಬುದನ್ನು ಹೇಳಲು ಸ್ವಲ್ಪ ಹಿಂದೆ ಹೋಗಬೇಕು. ದವಾಖಾನೆಯಲ್ಲಿ ನನ್ನ ಎದುರು ಕೋಣೆಯಲ್ಲಿ ಎಕ್ಸ್‌ರೇ ತೆಗೆಯುವವರೊಬ್ಬರಿದ್ದಾರೆ. ಅವರ ಫೋನಿನಲ್ಲಿ ಕೇಳಿದ ಹಾಡು ಕೇಳಿದ ಕೂಡಲೇ ಬರುತ್ತಿತ್ತು. ನಾನು ಲ್ಯಾಪ್‌ಟಾಪಿನಿಂದ ಫೋನಿಗೆ ಹಾಡು ತುಂಬಿಕೊಳ್ಳುವುದನ್ನು ನೋಡಿ ನಕ್ಕರು.

"ಬಾಯಾರ, ಇನ್ನೂ ಹಾಡು ಡಬ್ಬ್ಯಾಗ ತುಂಬಿ ಇಡ್ತೀರೇನ್ರಿ? ಈಗೆಲ್ಲಾ ನಳ ತಿರುವಿದ್ರ ನೀರು ಬಂದಂಗ ಬರ್ತಾವು."

"ನಮ್ಮ ಮನ್ಯಾಗ ನಳ ತಿರುವಿದ್ರ ಮೊದಲು ಗಾಳಿ ಬರ್ತೈತ್ರಿ" ಎಂದೆ. ಆದರೂ ಆ್ಯಪ್ ಹಾಕಿಸಿಕೊಂಡೆ. ಸಬ್‌ಸ್ಕ್ರಿಪ್ಷನ್ ಮಾಡಿದೆ. ಅದರ ಮೇಲೆ ಮೂರು ತಪ್ಪು ಮಾಡಿದೆ. ಮೂರನ್ನೂ ಎಚ್ಚರಿಕೆಯಿಂದಲೇ ಮಾಡಿದೆ.

ಮೊದಲನೆಯದು: "ನಿಮ್ಮಲ್ಲಿರುವ ಹಾಡುಗಳನ್ನೂ ನಮ್ಮ ಸಂಗ್ರಹದೊಂದಿಗೆ ಹೊಂದಿಸಿ ಅಚ್ಚುಕಟ್ಟು ಮಾಡೋಣವೇ?" ಎಂದು ಆ್ಯಪ್ ಕೇಳಿತು. ಅಚ್ಚುಕಟ್ಟು ಎಂಬ ಮಾತಿಗೆ ನಾನು ಎಂದೂ ಬೇಡ ಎಂದವಳಲ್ಲ. ಹೂಂ ಎಂದು ಒತ್ತಿದೆ. ಲ್ಯಾಪ್‌ಟಾಪಿನಲ್ಲಿದ್ದದ್ದನ್ನೂ ಫೋನಿನಲ್ಲಿದ್ದದ್ದನ್ನೂ ಅದು ಸಂಜೆಯತನಕ ಓದಿಕೊಂಡಿತು.

ಎರಡನೆಯದು: ಕೆಲವು ದಿನ ಬಿಟ್ಟು, ಫೋನಿನಲ್ಲಿ ಜಾಗ ಇಲ್ಲವೆಂದೂ, ಹಾಡುಗಳೆಲ್ಲ ತನ್ನಲ್ಲಿ ಕ್ಷೇಮವಾಗಿರುವುದರಿಂದ ಹಳೆಯವನ್ನು ತೆಗೆದುಬಿಡಲೇ ಎಂದೂ ಕೇಳಿತು. ನಾನು ಪಟ್ಟಿ ತೆರೆದು ನೋಡಿದೆ. ತೊಟ್ಟಿಲ ಜೋಗುಳ ಅಲ್ಲಿತ್ತು. ಅದರ ಪಕ್ಕದಲ್ಲಿ ಕೆಳಗೆ ಮುಖ ಮಾಡಿದ ಪುಟ್ಟ ಬಾಣ, ಡೌನ್‌ಲೋಡ್ ಆಗಿದೆ ಎಂಬ ಗುರುತು. ಹೆಸರು ನೋಡಿದೆ, ಗುರುತು ನೋಡಿದೆ, ಒತ್ತಿದೆ. ಕೇಳಿ ನೋಡಲಿಲ್ಲ. ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ಅದೇ ವಾರ ಅದನ್ನೂ ಪೂರ್ತಿ ಒರೆಸಿ ಹೊಸದು ಮಾಡಿಸಿದೆ. ರಿಪೋರ್ಟಿಗೆ ಡಾಕ್ಟರು ಸಹಿ ಹಾಕುವತನಕ ಒಂದು ಹನಿ ರಕ್ತವನ್ನೂ ಚೆಲ್ಲದ ನಾನು ಹೀಗೆ ಮಾಡಿದೆ.

ಮೂರನೆಯದು: ನನ್ನ ಬ್ಯಾಂಕ್ ಕಾರ್ಡಿನ ಅವಧಿ ಮುಗಿದು ಹೊಸ ಕಾರ್ಡ್ ಬಂತು. ಆ್ಯಪ್‌ನವರು ಹಣ ಬಂದಿಲ್ಲವೆಂದು ಸಂದೇಶ ಕಳಿಸತೊಡಗಿದರು. ಹಣ ಕೇಳುವ ಸಂದೇಶಗಳನ್ನು ಒತ್ತಬೇಡಿ ಎಂದು ದವಾಖಾನೆಯ ಗೋಡೆಗೆ ಹಾಳೆ ಅಂಟಿಸಿದವಳೇ ನಾನು. ಬಂದದ್ದನ್ನೆಲ್ಲ ಅಳಿಸಿದೆ. ನಮ್ಮ ಮನೆಯವರಿಗೂ ತೋರಿಸಿದೆ: "ನೋಡ್ರಿ, ಹೆಂಗ ಮೋಸ ಮಾಡ್ತಾರ."

ಗುರುವಾರ ಬೆಳಿಗ್ಗೆ ಎಂಟರ ಸುಮಾರಿಗೆ, ಸೋಮವಾರಕ್ಕೆ ಎಲ್ಲ ಸರಿಯಿರಲಿ ಎಂದು ಹಾಡು ಹಚ್ಚಲು ಕೂತೆ. ಪಟ್ಟಿಯಲ್ಲಿ ಎಲ್ಲ ಹಾಡುಗಳ ಹೆಸರೂ ಬೂದಿ ಬಣ್ಣಕ್ಕೆ ತಿರುಗಿದ್ದವು. ಬಾಣದ ಗುರುತು ಇರಲಿಲ್ಲ. ಒತ್ತಿದರೆ, ಡೌನ್‌ಲೋಡ್ ಮಾಡಿದ ಹಾಡುಗಳನ್ನು ಕೇಳಲು ಸಬ್‌ಸ್ಕ್ರಿಪ್ಷನ್ ಮುಂದುವರಿಸಿ ಎಂದು ಬರೆದು ಬಂತು. ಅಂದರೆ ನನ್ನ ಫೋನಿನ ಒಳಗೇ ಇದ್ದವೂ ನನ್ನವಾಗಿರಲಿಲ್ಲ, ನಾನು ಹಣ ಕಟ್ಟುವತನಕ ಅಲ್ಲಿ ಇಳಿದುಕೊಂಡಿದ್ದವು ಅಷ್ಟೆ. ಮನೆಯ ಹೊಸ್ತಿಲೊಳಗೆ ಬಂದದ್ದು ಮನೆಯದು ಎಂದುಕೊಂಡು ಬೆಳೆದ ನನಗೆ ಇದು ತಿಳಿಯಲು ಹೊತ್ತು ಹಿಡಿಯಿತು. ಆದರೂ ಆಗ ಗಾಬರಿಯಾಗಲಿಲ್ಲ. ಹೊಸ ಕಾರ್ಡಿನ ಸಂಖ್ಯೆ ಕೊಟ್ಟೆ. ಹೆಸರುಗಳು ಕಪ್ಪಾದವು. ಜೋಗುಳ ಒತ್ತಿದೆ.

ಕೊಳಲು ಕೇಳಿಸಿತು.

ಅತ್ತೆಯ ಹಾಡಿನ ಹಿಂದೆ ಕೊಳಲು ಇರಲಿಲ್ಲ, ಕುಕ್ಕರ್ ಇತ್ತು. ಕೊಳಲಿನ ನಂತರ ಪಿಟೀಲು, ಆಮೇಲೆ ಯಾರೋ ಒಬ್ಬ ಹೆಣ್ಣುಮಗಳು, ಬಹಳ ಇಂಪಾಗಿ, ಬಹಳ ಶುದ್ಧವಾಗಿ, ಮಲಗು ಕಂದ ಎಂಬ ಅರ್ಥದ್ದೇನನ್ನೋ ಹಾಡಿದಳು. ಮೂರೂವರೆ ನಿಮಿಷಕ್ಕೆ ಮುಗಿಯಿತು. ನಮ್ಮದು ಹನ್ನೊಂದು ನಿಮಿಷ. ನಾನು ನಾಲ್ಕು ಸಲ ಕೇಳಿದೆ, ನಾಲ್ಕನೆಯ ಸಲವಾದರೂ ಹಾಲು ಉಕ್ಕೀತು ಎಂದು.

ನಮ್ಮ ಮನೆಯವರು ಚಹಾ ತಂದಿಟ್ಟು ಕಿವಿ ಕೊಟ್ಟರು.

"ಚಲೋ ಹಾಡ್ಯಾಳಲ್ಲ. ಯಾರಕಿ?"

"ನಮ್ಮ ಅತ್ತಿ ಅಂತ ಹೆಸರು ಐತಿ."

"ನಿಮ್ಮ ಅತ್ತಿ ಇಷ್ಟು ಸಣ್ಣ ದನಿಲೆ ಮಾತಾಡಿದ್ದು ನಾ ಕೇಳೇ ಇಲ್ಲ" ಎಂದರು.

ಏನಾಗಿತ್ತು ಎಂಬುದನ್ನು ನನ್ನ ಕೆಲಸದ ಮಾತಿನಲ್ಲಿ ಹೇಳುತ್ತೇನೆ. ಒಂದೇ ಹೆಸರಿನ ಇಬ್ಬರು ಹೆಂಗಸರಿದ್ದರು. ನಾನು ಕೊಟ್ಟ ನಳಿಕೆಯ ಹೆಸರನ್ನಷ್ಟೇ ಓದಿ, ಈ ಹೆಸರಿನಾಕೆಯ ರಕ್ತ ನಮ್ಮಲ್ಲಿ ಆಗಲೇ ಇದೆ ಎಂದು ಆ್ಯಪ್‌ನವರು ತಮ್ಮದನ್ನು ನನ್ನ ಗೂಡಿನಲ್ಲಿಟ್ಟರು. ನನ್ನದನ್ನು ಚೆಲ್ಲಲು ನನ್ನನ್ನೇ ಕೇಳಿದರು. ನಾನೇ ಚೆಲ್ಲಿದೆ.

ಸಹಾಯ ಎಂದಿದ್ದಲ್ಲಿ ಒತ್ತಿ ನಡೆದದ್ದನ್ನೆಲ್ಲ ಬರೆದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಪ್ರಿಯ ಕೇಳುಗರೇ, ನಿಮ್ಮ ಹಾಡನ್ನು ಹೆಚ್ಚಿನ ಗುಣಮಟ್ಟದ ಪ್ರತಿಯೊಂದಿಗೆ ಬದಲಾಯಿಸಲಾಗಿದೆ. ಮೂಲ ಪ್ರತಿಯು ನಿಮ್ಮ ಸಾಧನದಲ್ಲಿಯೇ ಇರುತ್ತದೆ." ಸಾಧನದಲ್ಲಿದ್ದದ್ದನ್ನು ನೀವು ಕೇಳಿದ್ದಕ್ಕೇ ತೆಗೆದೆನಲ್ಲ ಎಂದು ಬರೆದೆ. "ಹೌದು, ಅದಕ್ಕೆ ನೀವು ಒಪ್ಪಿಗೆ ನೀಡಿದ್ದೀರಿ. ಇನ್ನೇನಾದರೂ ಸಹಾಯ ಬೇಕೇ?" ಎಂದು ಬಂತು. ಕೊನೆಗೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದರು. ಯೋಚಿಸಿ ಮೂರು ಕೊಟ್ಟೆ. ಉತ್ತರ ಬೇಗ ಬಂದಿತ್ತು, ಹೇಳಿದ್ದೂ ಸುಳ್ಳಾಗಿರಲಿಲ್ಲ.

ಆಮೇಲೆ ಒಬ್ಬೊಬ್ಬರಿಗೂ ಫೋನ್ ಹಚ್ಚಿದೆ. ಆ ಹಾಡನ್ನು ನಾನು ಹಿಂದೆ ಎಲ್ಲರಿಗೂ ಕಳಿಸಿದ್ದೆ. ಯಾರಾದರೊಬ್ಬರಲ್ಲಿ ಇರಲೇಬೇಕಿತ್ತು.

"ನೀ ಇಟ್ಟಿರ್ತಿ ಅಂತ ಅಳಸಿದ್ನಲ್ಲಕ್ಕಾ" ಎಂದಳು ತಂಗಿ. "ನಿನ್ನ ಹಂತ್ಯಾಕ ಇದ್ರ ತಿಜೋರ್‍ಯಾಗ ಇದ್ದಂಗ."

ತಮ್ಮನೂ ಅದನ್ನೇ ಹೇಳಿದ. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಿನ್ನಂಗ ಎಲ್ಲಾರೂ ಜ್ವಾಕಿ ಇದ್ರ ಈ ಮನಿ ಹಿಂಗ ಇರ್ತಿದ್ದಿಲ್ಲ" ಎಂದು ಹೊಗಳಿದಳು. ಅವಳಿಗೆ ನಾನು ಯಾಕೆ ಕೇಳುತ್ತಿದ್ದೇನೆ ಎಂದು ಹೇಳಲು ಆ ದಿನ ಧೈರ್ಯ ಬರಲಿಲ್ಲ.

ಶನಿವಾರ ಬಾದಾಮಿಗೆ ಹೋದೆ. ಅತ್ತೆಯ ಮಗ, ನಾವು ಮಾವ ಎಂದು ಕರೆಯುವ ಹಿರಿಯ, ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಾನೆ. ಎಮ್ಮೆಯ ಮೈ ತಿಕ್ಕುತ್ತಲೇ ನನ್ನ ಮಾತು ಕೇಳಿಸಿಕೊಂಡ.

"ನಿನ್ನ ಫೋನಿನ್ಯಾಗ ಐತೇನು ಮಾವಾ?"

"ನಾ ಯಾಕ ಇಟ್ಕೊಳ್ಳಿ? ಅವ್ವ ಇದ್ದಾಗ ದಿನಾ ಕೇಳ್ತಿದ್ದೆ. ಬ್ಯಾಡಂದ್ರೂ ಬಿಡ್ತಿದ್ದಿಲ್ಲ. ಎಮ್ಮಿ ಹಾಲು ಕಡಿಮಿ ಕೊಟ್ರ ಅದಕ್ಕೂ ಒಂದು ಪದಾ ಕಟ್ಟಿ ನನಗ ಬೈತಿದ್ಲು."

ಅವನು ಎಮ್ಮೆಯ ಬೆನ್ನಿನ ಮೇಲೆ ಒಂದೇ ಜಾಗವನ್ನು ಬಹಳ ಹೊತ್ತು ತಿಕ್ಕಿದ. ಬಸ್ಸಿಗೆ ಬಿಡಲು ಬಂದವನು ಬಸ್ಸು ಹೊರಟ ಮೇಲೆ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ನಡೆದು ಕೇಳಿದ: "ಖರೇನ ಹೋತೇನು?"

ಆವರೆಗೆ ನನಗೆ ಸೋಮವಾರದ್ದೇ ಚಿಂತೆಯಾಗಿತ್ತು. ಓಣಿ ಮಂದಿಯ ಮುಂದೆ ಏನು ಹೇಳಲಿ ಎಂಬ ಚಿಂತೆ. ಬಾದಾಮಿಯಿಂದ ಬಾಗಲಕೋಟೆಯತನಕ ಆ ಚಿಂತೆ ಒಮ್ಮೆಯೂ ಬರಲಿಲ್ಲ.

ಭಾನುವಾರ ಅಮೀನಗಡದಿಂದ ನಮ್ಮ ಕಾಕುನ ಫೋನು. ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ. ಹಿಂದೊಮ್ಮೆ ಅವಳ ಫೋನಿಗೆ ಈ ಹಾಡು ಬೇಕೆಂದಾಗ ಅವಳ ಮನೆಯ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಟ್ಟಿದ್ದೆವು. ಕಾಕು ಆ ಫೋನನ್ನು ಕಾರ್ಡ್ ಸಮೇತ ಕಳೆದಿದ್ದಳು. ಆದರೆ ಅಂಗಡಿಯವರು ಹಾಡು ತುಂಬುವಾಗ ಬಂದವರ ಹಾಡುಗಳನ್ನೂ ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದರು. ಒಬ್ಬರದನ್ನು ಇನ್ನೊಬ್ಬರಿಗೆ ತುಂಬುವುದೇ ಅವರ ಉದ್ಯೋಗ. "ಅವ ಏನೂ ಅಳಸೂದಿಲ್ಲಂತ. ಲಗೂನ ಬಾ" ಎಂದಳು ಕಾಕು.

ಹೋದೆ. ಅಂಗಡಿಯವರು ಮೇಜಿನ ಕೆಳಗಿನಿಂದ ಹಳೆಯ ಹಾರ್ಡ್‌ಡಿಸ್ಕೊಂದನ್ನು ತೆಗೆದು ಧೂಳು ಊದಿ ಕಂಪ್ಯೂಟರಿಗೆ ಸೇರಿಸಿದರು. ಒಳಗೆ ಸಾವಿರಗಟ್ಟಲೆ ಹಾಡುಗಳಿದ್ದವು. ಒಂದಕ್ಕೂ ಹೆಸರಿರಲಿಲ್ಲ. ಬರೀ ಅಂಕಿಗಳು. "ಹೊಸ ಫೋಲ್ಡರ್" ಎಂಬುದೊಂದು, ಅದರೊಳಗೆ ಮತ್ತೊಂದು "ಹೊಸ ಫೋಲ್ಡರ್". ನನಗೆ ತಲೆ ತಿರುಗಿತು.

"ಹೆಂಗ ಹುಡುಕ್ತೀರ್‍ರಿ ಇದರಾಗ?"

"ಹುಡುಕೂದೇನ್ರಿ? ಹಚ್ಚಿ ಕೇಳೂದು. ನಿಮ್ಮದು ಯಾವುದು?"

"ಜೋಗುಳ. ನಡುವ ಹಾಲು ಉಕ್ಕತೈತಿ ಅಂತ ಬರ್ತೈತಿ..."

ಅಂಗಡಿಯವರ ಮುಖ ಅರಳಿತು. "ಹಾಲಿನ ಮುದುಕಿದೇನ್ರಿ? ಮೊದಲ ಹೇಳಬಾರದಾ!" ಎಂದು ಪಟಪಟನೆ ಎಲ್ಲೋ ಹೋಗಿ ಏನೋ ಒತ್ತಿದರು. ಅಂಗಡಿಯ ಎರಡು ದೊಡ್ಡ ಸ್ಪೀಕರುಗಳಲ್ಲಿ, ಅಮೀನಗಡದ ಬಸ್ಸುಗಳ ಹಾರ್ನನ್ನು ಮೀರಿ, ನಮ್ಮ ಅತ್ತೆ ಒದರಿದಳು:

"ಹಾಲು ಉಕ್ಕಾಕತ್ತಾವ ನೋಡ್ರೆ, ಕಣ್ಣೆಲ್ಲಿ ಇಟ್ಟೀರಿ, ಜೋ ಜೋ!"

ಕಾಕು ಗೊಳ್ಳೆಂದು ನಕ್ಕಳು, ನಗುತ್ತ ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡಳು. ನಾನು ಮುಂದಿನ ನುಡಿಗೆ ಕಾದೆ. ಮತ್ತೆ ಹಾಲೇ ಉಕ್ಕಿತು. ಮೂರನೆಯ ಸಲವೂ ಹಾಲೇ.

"ಮುಂದಿಂದ್ರೀ?"

"ಮುಂದಿಂದು ಇಲ್ರಿ. ಇದು ರಿಂಗ್‌ಟೋನ್. ಭಾಳ ಉದ್ದ ಇತ್ರಿ ಆ ಹಾಡು, ಜಾಗಾ ಹಿಡೀತಿತ್ತು. ಮಂದಿ ಕೇಳೂದು ಇಷ್ಟ ಇತ್ತು, ಇಷ್ಟು ಕತ್ತರಿಸಿ ಇಟ್ಕೊಂಡು ಉಳಿದಿದ್ದು ತಗದೆ. ಒಂದು ಕಾಲಕ್ಕ ಹುನಗುಂದದ ತನಕಾ ಓಡಿದ್ದ್ರಿ ಇದು. ಟ್ರ್ಯಾಕ್ಟರಿನವರು, ಮಗ್ಗದವರು, ಎಲ್ಲಾರೂ ಹಾಕ್ಕೊಂಡಿದ್ರು. ಒಬ್ಬಾಂವ ಹೇಣ್ತಿ ಫೋನ್ ಬಂದ್ರ ಇದ ಬಡೀಲಿ ಅಂತ ಇಟ್ಕೊಂಡಿದ್ದ."

ಏನೂ ಅಳಿಸದ ಮನುಷ್ಯ ಅಳಿಸಿದ್ದು ಅದೊಂದನ್ನೇ. ಸಿಟ್ಟು ಮಾಡುವ ಅಧಿಕಾರ ನನಗಿರಲಿಲ್ಲ. ಹನ್ನೊಂದು ನಿಮಿಷದಲ್ಲಿ ಎಂಟು ಸೆಕೆಂಡು ಉಳಿದಿತ್ತು. ಅದನ್ನು ಫೋನಿಗೆ, ಪೆನ್‌ಡ್ರೈವಿಗೆ, ಕಾಕುನ ಫೋನಿಗೆ ಹಾಕಿಸಿ, ಬಾದಾಮಿಯ ಮಾವನಿಗೂ ಕಳಿಸಿದೆ. ಸಂಜೆ ಅವನಿಗೆ ಫೋನ್ ಮಾಡಿದರೆ ಎತ್ತಲೇ ಇಲ್ಲ. ಐದನೆಯ ಸಲಕ್ಕೆ ಎತ್ತಿದ.

"ಎಲ್ಲಿ ಹೋಗಿದ್ದಿ ಮಾವಾ?"

"ಇಲ್ಲೇ ಅದೀನಿ. ನೀ ಕಳಿಸಿದ್ದನ್ನ ರಿಂಗಿಗೆ ಹಾಕ್ಕೊಂಡೇನಿ. ಎತ್ತಿದ್ರ ನಿಂತ್ಬಿಡ್ತೈತಲ್ಲ" ಎಂದ. "ಇನ್ನೊಂದ್ಸಲ ಹಚ್ಚು" ಎಂದು ಇಟ್ಟುಬಿಟ್ಟ. ಹಚ್ಚಿದೆ. ಎತ್ತಲಿಲ್ಲ.

ಸೋಮವಾರ ಇಳಕಲ್ಲು. ತಮ್ಮನ ಅತ್ತೆಯ ಮನೆಯಲ್ಲಿ ಪಕ್ಕದ ಕೋಣೆಯೇ ಮಗ್ಗದ ಕೋಣೆ. ಅಂದು ಮಗ್ಗ ನಿಲ್ಲಿಸಿ ಅದರ ಮೇಲೆ ಊಟದ ತಾಟುಗಳನ್ನು ಪೇರಿಸಿದ್ದರು. ಓಣಿಯ ಹೆಂಗಸರು ಗೋಡೆಯಿಂದ ಗೋಡೆಗೆ ಕೂತಿದ್ದರು. ಅಯ್ಯನವರು ಬಂದು ಕೂಸಿಗೆ ವಿಭೂತಿ ಹಚ್ಚಿ, ಲಿಂಗ ಕಟ್ಟಿ ಹೋದ ಮೇಲೆ ತಮ್ಮನ ಅತ್ತೆ, "ಹಚ್ರಿ ಇನ್ನ" ಎಂದರು.

ನಾನು ಎದ್ದು ನಿಂತು ಹೇಳಿದೆ. ಆ್ಯಪ್, ಬಾಣದ ಗುರುತು, ಕೊಳಲು, ಅಂಗಡಿ, ಎಲ್ಲವನ್ನೂ ಕ್ರಮವಾಗಿ, ಈಗ ಇಲ್ಲಿ ಬರೆದಂತೆಯೇ. ಹೆಂಗಸರು ಕೇಳಿಸಿಕೊಂಡರು. ಅವ್ವ ನನ್ನ ಮುಖ ನೋಡಲಿಲ್ಲ.

"ತಡೀರಿ" ಎಂದರು ತಮ್ಮನ ಅತ್ತೆ. "ತಿಂಗಳಾ ರೊಕ್ಕಾ ಕೊಡ್ತಿದ್ದಿರಿ, ನಿಮ್ಮ ಹಾಡು ಒಯ್ದು ಬ್ಯಾರೇಕಿದು ಕೊಟ್ರು?"

"ಹೌದ್ರಿ."

"ನಾವು ಸೀರಿ ನೇಯಾಕ ಒಬ್ಬರ ರೇಷ್ಮಿ ಎಳಿ ಇಸ್ಕೊಂಡು, ಒಳ್ಳೇ ಗುಣದ್ದು ಅಂತ ಬ್ಯಾರೇದವರ ಸೀರಿ ಕೊಟ್ರ ಮಂದಿ ಮಗ್ಗಾ ಮುರೀತಾರ್ರಿ!" ಎಂದು ಓಣಿಯವರ ಕಡೆ ತಿರುಗಿ ನಕ್ಕರು. ಆಮೇಲೆ, "ಹೋಗ್ಲಿ ಬಿಡ್ರಿ. ಐದು ತೊಟ್ಟಿಲದಾಗ ಕೇಳೀರಿ ಅಂತೀರಿ. ಯಾರಿಗೂ ಬರೂದಿಲ್ಲೇನು? ಬಾಯಿ ತಗೀರಿ" ಎಂದರು.

ಒಂದು ಸತ್ಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾನು ಆ ಹಾಡನ್ನು ಕಾದಿದ್ದೆ, ಕೇಳಿರಲಿಲ್ಲ. ಮುದ್ರಿಸಿಕೊಂಡ ದಿನ ಕೆಂಪು ಚುಕ್ಕೆ ಉರಿಯುತ್ತಿದೆಯೇ ಎಂದು ನೋಡುವುದರಲ್ಲೇ ನನ್ನ ಲಕ್ಷ್ಯವಿತ್ತು. ಆಮೇಲಿನ ತೊಟ್ಟಿಲುಗಳಲ್ಲೂ ಹಾಲಿನ ನುಡಿ ಮುಗಿದ ಮೇಲೆ ಹೆಂಗಸರು ಮಾತಿಗೆ ಇಳಿಯುತ್ತಿದ್ದರು, ನಾನೂ ಇಳಿಯುತ್ತಿದ್ದೆ. ಮೊದಲ ಏಳು ನನಗೆ ಬರುತ್ತಿದ್ದವು. ಹಾಡಿದೆ. ನನ್ನ ದನಿ ಅತ್ತೆಯದಲ್ಲ. ಏಳನೆಯದರಲ್ಲಿ ಎಲ್ಲರೂ ಸೇರಿದರು, ಮಗ್ಗದ ಕೋಣೆಯಿಂದ ಗಂಡಸರೂ ಸೇರಿದರು. ಎಂಟನೆಯದು ತಂಗಿಗೆ ನೆನಪಿತ್ತು. ಒಂಬತ್ತು ಅವ್ವನದು. ಹತ್ತನೆಯದಕ್ಕೆ ಜಗಳ ಹತ್ತಿತು. ಕೂಸಿಗೆ ಬಂದದ್ದು ಬೆಳ್ಳಿ ಬಟ್ಟಲೋ ಹಿತ್ತಾಳಿ ಬಟ್ಟಲೋ ಎಂದು.

"ಬೆಳ್ಳಿದು!" ಎಂದಳು ಅವ್ವ. "ನಾನ ಕೊಟ್ಟೇನಿ."

"ಕೊಟ್ಟಿದ್ದು ಹಿತ್ತಾಳಿದು, ಹೇಳಿದ್ದು ಬೆಳ್ಳಿದು" ಎಂದಳು ಕಾಕು.

ಹೀಗೆ ಎಳೆದು, ಬೈದು, ತಿದ್ದಿ ಹದಿನಾರು ನುಡಿಗಳಾದವು. ನಾನು ಬೆರಳು ಮಡಿಸಿ ಎಣಿಸಿದ್ದೇನೆ. ಅಲ್ಲಿಗೆ ನಿಂತಿತು. ಇನ್ನು ಮೂರು ಯಾರಿಗೂ ಬರಲಿಲ್ಲ. ಎಲ್ಲರೂ ನೆಲ ನೋಡುತ್ತ ನೆನಪು ಮಾಡಿಕೊಳ್ಳುವವರಂತೆ ಕೂತರು. ಕೂಸು ನಿದ್ದೆಹೋಗಿತ್ತು.

ನಾನು ಬಾಗಿ ಅದರ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳಿದೆ. ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಉಳಿದ ಹೆಂಗಸರು ಗುದ್ದುವುದು ನಮ್ಮ ಕಡೆಯ ಪದ್ಧತಿ. ಸಾಮಾನ್ಯವಾಗಿ ಅದು ಶಾಸ್ತ್ರಕ್ಕೆ ಮುಟ್ಟುವಷ್ಟೇ ಇರುತ್ತದೆ. ಅಂದು ನನಗೆ ಬಿದ್ದವು ಶಾಸ್ತ್ರದವಲ್ಲ.

"ಇದು ಕೂಸಿಂದು!" "ಇದು ಹಾಡಿಂದು!" "ಮೂರು ನುಡಿ ಕಳದೀದಿ, ಇನ್ನೂ ಮೂರು ತಗೋ!"

ನನ್ನ ತಂಗಿಯ ಕೈ ಯಾವುದೆಂದು ನೋಡದೆಯೇ ಗೊತ್ತಾಯಿತು. ತಮ್ಮನ ಅತ್ತೆಯದು ಮಗ್ಗ ಬಡಿದ ಕೈ. ಅದೂ ಗೊತ್ತಾಯಿತು.

ಮಧ್ಯಾಹ್ನ ಮೂರರ ಬಸ್ಸಿಗೆ ಹೊರಟೆವು. ನಾನು, ನಮ್ಮ ಮನೆಯವರು, ಮುಂದಿನ ಸೀಟಿನಲ್ಲಿ ಕಾಕು. ನನಗೆ ಬೆನ್ನು ಸೀಟಿಗೆ ಒರಗಿಸಲು ಆಗುತ್ತಿರಲಿಲ್ಲ. ಹುನಗುಂದ ದಾಟಿದ ಮೇಲೆ ಕಾಕು ಹಿಂದೆ ತಿರುಗಿದಳು.

"ಒಂದು ನನಗ ಬರ್ತೈತಿ" ಎಂದಳು.

"ಏನು?"

"ನುಡಿ. ಬೀಗರ ಮುಂದ ಹೆಂಗ ಹಾಡ್ಲಿ? ನಮ್ಮ ತವರುಮನಿ ಮ್ಯಾಲ ಕಟ್ಟ್ಯಾಳ ನಿಮ್ಮತ್ತಿ."

ಕಾಕುನ ತವರು ಮರೋಳ. ನನ್ನ ಮಗಳ ತೊಟ್ಟಿಲಿಗೆ ಅವಳ ಅಣ್ಣ ಬರುತ್ತೇನೆಂದು ಹೇಳಿ ಬಂದಿರಲಿಲ್ಲ. ಕಾಕು ಅತ್ತ ಇತ್ತ ನೋಡಿ, ಬಸ್ಸಿನ ಸದ್ದಿಗೆ ತಕ್ಕಂತೆ ದನಿ ಏರಿಸಿ ಹಾಡಿದಳು:

ಮರೋಳದ ಮಾಮನ ಮನಿಯಿಂದ ಏನ ಬಂತ?
ಬರತೇನಿ ಅಂತಂದ ಮಾತ ಬಂತ, ಜೋ ಜೋ.

"ಐದು ತೊಟ್ಟಿಲದಾಗೂ ಇದು ಬರೂ ಹೊತ್ತಿಗೆ ನಾನ ಎದ್ದು ಹೋಳಿಗಿ ಬಡಸ್ರಿ, ಹೋಳಿಗಿ ಬಡಸ್ರಿ ಅಂತ ಒದರ್ತಿದ್ದೆ. ಯಾರಿಗೂ ಕೇಳಬಾರದಂತ" ಎಂದಳು. ಆಚೆ ಸೀಟಿನ ಅಪರಿಚಿತ ಹೆಂಗಸು, "ಮಾತ ಬಂತ ಅನ್ನೂದನ್ನ ಸ್ವಲ್ಪ ಎಳೀರೆವ್ವಾ, ಅಂದ್ರ ಛಲೋ ನಾಟತೈತಿ" ಎಂದಳು. ಕಾಕು ಎಳೆದು ಹಾಡಿದಳು. ನಾನು ಹಿಂದೆಯೇ ಹಾಡಿ ಕಲಿತೆ. ಮೂರನೆಯ ಸಲಕ್ಕೆ ಕಂಡಕ್ಟರು, "ಅಮೀನಗಡ ಬಂತ್ರಿ, ಹಾಡೂದು ಇಳದು ಹಾಡ್ರಿ" ಎಂದ. ಕಾಕು ಇಳಿದು ಹೋದಳು.

ಹದಿನೇಳು. ನಾನು ಕಾಗದಕ್ಕೆ ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ನಮ್ಮ ಮನೆಯವರು ಕಿಟಕಿಯ ಕಡೆ ಪೂರ್ತಿ ತಿರುಗಿ ಕೂತಿದ್ದರು. ಹೊರಗೆ ನೋಡುವಂಥದ್ದೇನೂ ಇರಲಿಲ್ಲ.

"ನಿಮಗೊಂದು ಬರ್ತೈತಿ" ಎಂದೆ.

"ನಾ ಗಂಡಸು. ನನಗ ಹೆಂಗ ಬರ್ತೈತಿ?"

ನಾನು ಕಾದೆ. ಒಂದೆರಡು ಹಳ್ಳಿ ದಾಟಿದವು. ಕೊನೆಗೆ ಅವರು ನನ್ನ ಕಡೆ ತಿರುಗದೆ, ಗಾಜಿಗೆ ಹೇಳುವವರಂತೆ, ಬಹಳ ಸಣ್ಣ ದನಿಯಲ್ಲಿ ಹಾಡಿದರು:

ಅಪ್ಪಯ್ಯ ತಂದಾನ ಕೂಸೀಗ ಟೊಪ್ಪೀಗಿ
ಅಪ್ಪನ ತಲಿಗೇನ ಸರಿ ಆತ, ಜೋ ಜೋ.

"ಅಂಗಡ್ಯಾಂವ ಕೂಸಿಂದು ಅಂತನ ಕೊಟ್ಟಿದ್ದ" ಎಂದರು. ಆಚೆ ಸೀಟಿನ ಹೆಂಗಸು ಅವರ ತಲೆಯನ್ನು ಅಳತೆ ಮಾಡುವವಳಂತೆ ನೋಡಿದಳು.

ಹದಿನೆಂಟು ಈಗ ಬರೆದಿಟ್ಟಿದ್ದೇನೆ. ಬರೆದದ್ದನ್ನು ಎಲ್ಲರಿಗೂ ಕೊಟ್ಟು, ನಾನು ಇಟ್ಟಿರುತ್ತೇನೆ ಎಂದು ನಂಬಬೇಡಿ ಎಂದು ಹೇಳಿದ್ದೇನೆ. ಬಾದಾಮಿಯ ಮಾವ ಓದಿಸಿಕೊಂಡು ಕೇಳಿ, ಇನ್ನೊಂದು ಇದೆ, ಆದರೆ ತನಗೆ ನೆನಪಿಲ್ಲ ಎಂದ. ಹತ್ತೊಂಬತ್ತನೆಯದು ಯಾರ ಮೇಲೆ ಕಟ್ಟಿದ್ದೋ ಅವರಿಗಂತೂ ಮರೆತಿರಲಾರದು ಎಂಬುದು ನನ್ನ ಲೆಕ್ಕ. ಅಂದು ನನ್ನ ಮಗಳ ತೊಟ್ಟಿಲ ಸುತ್ತ ಇದ್ದವರ ಪಟ್ಟಿ ಮಾಡಿ, ಒಬ್ಬೊಬ್ಬರ ಮನೆಗೂ ಹೋಗಿ, ಬೀಗರು ಇಲ್ಲದ ಹೊತ್ತು ನೋಡಿ ಕೇಳುತ್ತಿದ್ದೇನೆ. ಈವರೆಗೆ ನಾಲ್ವರು ತಮ್ಮದಲ್ಲ ಎಂದಿದ್ದಾರೆ. ಅವರಲ್ಲಿ ಇಬ್ಬರು ನಾನು ಕೇಳುವ ಮೊದಲೇ ಅಲ್ಲ ಎಂದಿದ್ದಾರೆ.